‘ತಿಂಗಳಿಗೆ ಖರ್ಚೆಷ್ಟು?’ ಎಂದು ಮಾತ್ರ ಕೇಳಬೇಡಿ

ಅಂಗಡಿ, ಸಣ್ಣ ಉದ್ದಿಮೆಗಳ ಲೆಕ್ಕ ಬರೆದುಕೊಳ್ಳುವ ಸರ್ಕಾರಿ ಸಮೀಕ್ಷೆಯ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ನಾನು ಹೇಳುವ ಮೊದಲ ಮಾತು ಇದೇ. ಅಂಗಡಿಯವರ ಎದುರು ಕುಳಿತು ‘ತಿಂಗಳಿಗೆ ಖರ್ಚೆಷ್ಟು?’ ಎಂದು ಕೇಳಿದರೆ ‘ಬಂದದ್ದು ಅಲ್ಲಿಗಲ್ಲಿಗೆ ಸರಿಹೋಗುತ್ತದೆ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆದರೆ ಟ್ಯಾಬ್ಲೆಟ್‌ನಲ್ಲಿ ತುಂಬಲು ಅದರಲ್ಲಿ ಒಂದು ಅಂಕಿಯೂ ಇಲ್ಲ.

ಕಾರ್ಖಾನೆಗಳದು ಬೇರೆ ಲೋಕ. ನೋಂದಾಯಿತ ಕಾರ್ಖಾನೆಗಳು ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಗೆ ಸೇರುತ್ತವೆ. ಅಲ್ಲಿ ಹಣಕಾಸು ವರ್ಷದ ಲೆಕ್ಕಪತ್ರ ಸಿದ್ಧವಿರುತ್ತದೆ, ಲೆಕ್ಕಿಗರೂ ಇರುತ್ತಾರೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಇನ್ನೊಂದು ಸಮೀಕ್ಷೆಯಲ್ಲಿ. ಕಂಪನಿಯಾಗಿ ನೋಂದಾಯಿಸದ ಕೃಷಿಯೇತರ ಉದ್ದಿಮೆಗಳನ್ನು ಹುಡುಕಿಕೊಂಡು ಹೋಗುವ ಸಮೀಕ್ಷೆ ಅದು. ಬೇಕರಿ, ದರ್ಜಿ ಅಂಗಡಿ, ಹಿಟ್ಟಿನ ಗಿರಣಿ, ಆಟೊ, ಮನೆಪಾಠ ಎಲ್ಲವೂ ಅದರಲ್ಲಿವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2023-24ರ ಅಂದಾಜಿನಂತೆ ದೇಶದಲ್ಲಿ ಇಂಥವು 7.34 ಕೋಟಿ ಇದ್ದವು, ಅವುಗಳಲ್ಲಿ ದುಡಿಯುತ್ತಿದ್ದವರು 12 ಕೋಟಿಗೂ ಹೆಚ್ಚು. ಬಹುತೇಕರ ಲೆಕ್ಕದ ಪುಸ್ತಕವೆಂದರೆ ಅವರ ನೆನಪು.

ಧಾರವಾಡದ ಕಡೆಯ ಒಂದು ಖಾನಾವಳಿ ನೆನಪಾಗುತ್ತದೆ. ಮುಂದೆ ನಾಲ್ಕು ಮೇಜು, ಹಿಂದೆ ಅವರದೇ ಮನೆ, ನಡುವೆ ಒಂದು ಪರದೆ. ವಿದ್ಯುತ್ ಮೀಟರು ಒಂದೇ. ಬಿಲ್ಲಿನಲ್ಲಿ ವ್ಯಾಪಾರದ್ದೆಷ್ಟು, ಮನೆಯದ್ದೆಷ್ಟು? ಫ್ರಿಜ್ ಯಾರದ್ದು, ಮಿಕ್ಸರ್ ಎಷ್ಟು ಹೊತ್ತು ಓಡುತ್ತದೆ ಎಂದು ಒಡತಿಯ ಜೊತೆ ಕುಳಿತು ಪಾಲು ಹಾಕಿದೆವು. ಗ್ಯಾಸಿನ ಲೆಕ್ಕ ಸುಲಭ. ಹತ್ತೊಂಬತ್ತು ಕಿಲೋದ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂಬುದನ್ನು ಅಡುಗೆ ಮಾಡುವವರು ಮರೆಯುವುದಿಲ್ಲ. ರೂಪಾಯಿ ಕೇಳಿದರೆ ತಡವರಿಸುವವರು ಸಿಲಿಂಡರ್, ಚೀಲ, ಡಬ್ಬಿಗಳ ಲೆಕ್ಕವನ್ನು ನಿಖರವಾಗಿ ಹೇಳುತ್ತಾರೆ. ದರ ಗುಣಿಸುವ ಕೆಲಸ ನಮ್ಮದು.

ಜೋಳದ ವಿಷಯಕ್ಕೆ ಬಂದೆವು. ಆ ತಿಂಗಳು ಹತ್ತು ಚೀಲ ಕೊಂಡಿದ್ದರು, ರೊಟ್ಟಿಗೆ ಬಳಸಿದ್ದು ನಾಲ್ಕು. ಕಚ್ಚಾವಸ್ತುವಿನ ಅಂಕಣಕ್ಕೆ ನಾಲ್ಕು ಚೀಲ ಮಾತ್ರ ಹೋಗುತ್ತದೆ. ಉದ್ರಿಯಲ್ಲಿ ತಂದು ದುಡ್ಡು ಕೊಡದಿದ್ದರೂ ಬಳಸಿದ್ದು ಖರ್ಚೇ. ‘ಮೊಸರು ಎಲ್ಲಿಂದ?’ ಎಂದೆ. ‘ಅದು ನಮ್ಮ ಎಮ್ಮೆಯದು, ಅದಕ್ಕೇನು ಖರ್ಚು?’ ಎಂದರು. ಪೇಟೆಯ ದರ ಹಿಡಿದು ಬರೆದುಕೊಂಡಾಗ ಅವರು ನನ್ನನ್ನು ಅನುಮಾನದಿಂದ ನೋಡಿದರು. ಕೊಟ್ಟಿಗೆ ಒಂದು ಕಸುಬು, ಖಾನಾವಳಿ ಇನ್ನೊಂದು. ಆ ಮೊಸರನ್ನು ಲೆಕ್ಕದಿಂದ ಬಿಟ್ಟರೆ ಎಮ್ಮೆ ದುಡಿದದ್ದೆಲ್ಲ ಖಾನಾವಳಿಯ ಗಳಿಕೆಯಾಗಿ ಕಾಣುತ್ತದೆ.

ದೊಡ್ಡ ಜಗಳ ಸಂಬಳದ್ದು. ರೊಟ್ಟಿ ಬಡಿಯುವ ಇಬ್ಬರು ಹೆಂಗಸರ ಕೂಲಿಯನ್ನು ನಾನು ಬೇರೆ ಪುಟದಲ್ಲಿ ಬರೆದದ್ದು ಕಂಡು, ‘ನಮ್ಮ ದೊಡ್ಡ ಖರ್ಚನ್ನೇ ಬಿಟ್ಟಿರಲ್ಲ’ ಎಂದರು. ಅವರ ಮಟ್ಟಿಗೆ ಅದು ಸರಿಯಾದ ಮಾತು. ಸಮೀಕ್ಷೆಗೆ ಬೇಕಾದದ್ದು ಲಾಭವೊಂದೇ ಅಲ್ಲ, ಆ ಜಾಗದಲ್ಲಿ ಹೊಸದಾಗಿ ಹುಟ್ಟಿದ ಮೌಲ್ಯ. ಹೊರಗಿನಿಂದ ತಂದ ಜೋಳ, ಗ್ಯಾಸು, ಕರೆಂಟು, ಸಾಗಣೆಯನ್ನು ಮಾರಾಟದಿಂದ ಕಳೆದರೆ ಉಳಿಯುವುದು ಅದು. ಅದರಲ್ಲೇ ಕೂಲಿ, ಬಡ್ಡಿ, ಒಡತಿಯ ಪಾಲು ಹಂಚಿಕೆಯಾಗುತ್ತವೆ. ಕೂಲಿಯನ್ನು ಖರ್ಚಿಗೆ ಸೇರಿಸಿ ಕಳೆದುಬಿಟ್ಟರೆ ದುಡಿದವರ ಕೊಡುಗೆಯೇ ಮಾಯವಾಗುತ್ತದೆ. ಒಡತಿಯ ಸೊಸೆಗೆ ಸಂಬಳವಿಲ್ಲ. ಕೆಲಸಗಾರರ ಎಣಿಕೆಯಲ್ಲಿ ಮಾತ್ರ ಆಕೆ ಇದ್ದಾರೆ.

ಸಾಮಾನ್ಯವಾಗಿ ಕೇಳುವುದು ಒಂದು ತಿಂಗಳ ಲೆಕ್ಕ. ವರ್ಷಕ್ಕೊಮ್ಮೆ ಕಟ್ಟುವ ಪರವಾನಗಿ ಶುಲ್ಕದಂಥವನ್ನು ಆ ತಿಂಗಳ ಪಾಲಿಗೆ ಇಳಿಸಬೇಕು. ಆಷಾಢದಲ್ಲಿ ಸೀರೆ ಅಂಗಡಿಗೆ ಹೋದರೆ ನೊಣ ಹೊಡೆಯುತ್ತಿರುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೇ ಆಯ್ದ ಹಳ್ಳಿ, ಬಡಾವಣೆಗಳನ್ನು ವರ್ಷದುದ್ದಕ್ಕೂ ಹರಡಿರುತ್ತಾರೆ. ಒಂದು ಅಂಗಡಿ ಆಷಾಢದಲ್ಲಿ ಸಿಕ್ಕರೆ ಇನ್ನೊಂದು ಮದುವೆಯ ಹಂಗಾಮಿನಲ್ಲಿ ಸಿಗುತ್ತದೆ.

ಭಯದ ಮಾತು ಹೇಳದಿದ್ದರೆ ತಪ್ಪಾದೀತು. ನಮ್ಮನ್ನು ಕಂಡ ಕೂಡಲೇ ಜಿಎಸ್‌ಟಿಯವರು ಬಂದರು ಎಂದುಕೊಳ್ಳುತ್ತಾರೆ. ಅವರು ಹೇಳುವ ಮಾರಾಟ ಕುಗ್ಗುತ್ತದೆ, ಖರ್ಚು ಉಬ್ಬುತ್ತದೆ. 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆ ಈ ಮಾಹಿತಿಯನ್ನು ಅಂಕಿಅಂಶದ ಉದ್ದೇಶಕ್ಕಲ್ಲದೆ ಬಳಸಲು ಬಿಡುವುದಿಲ್ಲ ಎಂದು ವಿವರಿಸುತ್ತೇವೆ. ಎಲ್ಲರೂ ನಂಬುವುದಿಲ್ಲ. ಹೇಳಿದ ಖರ್ಚು ಮಾರಾಟಕ್ಕಿಂತ ಹೆಚ್ಚಾದಾಗ ವಾದ ಮಾಡಬಾರದು. ಹಿತ್ತಲಲ್ಲಿ ನಿಂತ ಖಾಲಿ ಸಿಲಿಂಡರ್‌ಗಳನ್ನು ಎಣಿಸಿ, ದಿನಕ್ಕೆ ಎಷ್ಟು ಊಟ ಹೋಗುತ್ತದೆ ಎಂದು ಇನ್ನೊಮ್ಮೆ ಕೇಳಿದರೆ ಸಾಕು.

ಮೇಲ್ವಿಚಾರಕನಾಗಿ ನಾನು ಮೊದಲು ನೋಡುವುದು ‘ಇತರೆ ಖರ್ಚು’ ಎಂಬ ಸಾಲನ್ನು. ಕೇಳಲು ಬೇಸರವಾದದ್ದನ್ನೆಲ್ಲ ಸುರಿಯುವ ತಿಪ್ಪೆ ಅದು. ವಿದ್ಯುತ್ ಬಿಲ್ಲಿಗಿಂತ ಅದು ದೊಡ್ಡದಾಗಿದ್ದರೆ ಹುಡುಗರನ್ನು ವಾಪಸು ಕಳಿಸುತ್ತೇನೆ. ಆ ಖಾನಾವಳಿಯ ‘ಇತರೆ’ಯನ್ನು ಬಿಡಿಸಿದಾಗ ಸಿಕ್ಕಿದ್ದು: ಗಲ್ಲಾಪೆಟ್ಟಿಗೆಯ ಮೇಲಿನ ದೇವರಿಗೆ ಹೂವು, ಗಣೇಶೋತ್ಸವದ ಚಂದಾ, ಮತ್ತು ಬಾಗಿಲಲ್ಲಿ ಮಲಗಿದ್ದ ನಾಯಿಗೆ ದಿನಕ್ಕೆರಡು ರೊಟ್ಟಿ.