ಬ್ಯಾಲಿಸ್ಟಿಕ್ ಕ್ಷಿಪಣಿ ಅಂದರೆ ಕವಣೆ ಕಲ್ಲು

ಅಗ್ನಿ-5 ಹಾರಿದಾಗಲೆಲ್ಲ ಟಿವಿಯಲ್ಲಿ ಎರಡು ಮಾತು ಕಿವಿಗೆ ಬೀಳುತ್ತವೆ. ಬ್ಯಾಲಿಸ್ಟಿಕ್ ಕ್ಷಿಪಣಿ, ಅಣ್ವಸ್ತ್ರ ನಿರೋಧಕ ಶಕ್ತಿ. ಮೊದಲನೆಯದರಲ್ಲಿ ಒಂದು ತಮಾಷೆ ಇದೆ. ಸಂಸ್ಕೃತದ ‘ಕ್ಷಿಪ್’ ಅಂದರೆ ಎಸೆ. ‘ಬ್ಯಾಲಿಸ್ಟಿಕ್’ ಹಿಂದಿರುವ ಗ್ರೀಕ್ ಪದಕ್ಕೂ ಅದೇ ಅರ್ಥ. ಎರಡು ಸಲ ಎಸೆದಂತಾಯಿತು, ಅಲ್ವಾ?

ಹೊಲ ಕಾಯುವವರು ಕವಣೆ ಬೀಸುವುದನ್ನು ನೆನೆಸಿಕೊಳ್ಳಿ. ಕಲ್ಲು ಕವಣೆ ಬಿಡುವ ತನಕ ಮಾತ್ರ ತೋಳಿನ ಬಲ. ಆಮೇಲೆ ಅದು ತನ್ನ ಪಾಡಿಗೆ ಬಾಗಿ ಬೀಳುತ್ತದೆ. ಈ ಕ್ಷಿಪಣಿಯೂ ಅಷ್ಟೇ. ಮೊದಲ ಕೆಲವು ನಿಮಿಷ ರಾಕೆಟ್ ಉರಿಯುತ್ತದೆ. ದೂರದವಾದರೆ ವಾತಾವರಣ ದಾಟಿ ಮೇಲೆ ಹೋಗಿ, ಕಾದ ಕೆಂಡದಂತೆ ವಾಪಸ್ ಬೀಳುತ್ತವೆ. ಬ್ರಹ್ಮೋಸ್ ಹಾಗಲ್ಲ. ಗುರಿ ಮುಟ್ಟುವವರೆಗೂ ಅದರ ಎಂಜಿನ್ ಓಡುತ್ತಲೇ ಇರುತ್ತದೆ. ಅದು ಕ್ರೂಸ್ ಕ್ಷಿಪಣಿ.

ಇನ್ನು ‘ನಿರೋಧಕ’. ಇಲ್ಲಿ ತಡೆಯುವುದು ಬರುವ ಕ್ಷಿಪಣಿಯನ್ನಲ್ಲ, ಎದುರಾಳಿಯ ಮನಸ್ಸನ್ನು. ಹೊಡೆದರೆ ವಾಪಸ್ ಬೀಳುತ್ತದೆ ಅನ್ನುವುದು ಅವನಿಗೆ ಖಾತ್ರಿ ಇರಬೇಕು. 2003ರ ಜನವರಿಯಲ್ಲಿ ಭಾರತ ತನ್ನ ನೀತಿ ಪ್ರಕಟಿಸಿತು. ಅಣ್ವಸ್ತ್ರವನ್ನು ನಾವು ಮೊದಲು ಬಳಸುವುದಿಲ್ಲ, ನಮ್ಮ ಮೇಲೆ ಬಿದ್ದರೆ ಮಾತ್ರ ಭಾರೀ ತಿರುಗೇಟು. (ಜೈವಿಕ, ರಾಸಾಯನಿಕ ಅಸ್ತ್ರದ ದೊಡ್ಡ ದಾಳಿಯಾದರೆ ಈ ಮಾತಿಗೆ ವಿನಾಯಿತಿ ಇಟ್ಟುಕೊಂಡಿದೆ.)

ಕಷ್ಟ ಶುರುವಾಗುವುದೇ ಇಲ್ಲಿ. ಮೊದಲ ಏಟು ತಿಂದ ಮೇಲೂ ನಮ್ಮ ಕಲ್ಲು ಉಳಿದಿರಬೇಕು. ಎಲ್ಲಿ ಬಚ್ಚಿಡುವುದು? ಅಗ್ನಿ-5 ಸುಮಾರು 17 ಮೀಟರ್ ಉದ್ದ, 50 ಟನ್ ತೂಕ. ಅದನ್ನು ಉಕ್ಕಿನ ಕೊಳವೆಯಲ್ಲಿ ಮುಚ್ಚಿ ಟ್ರಕ್ ಮೇಲೆ ಮಲಗಿಸಿರುತ್ತಾರೆ. ಬೇಕಾದಾಗ ಕೊಳವೆ ಎದ್ದು ನಿಲ್ಲುತ್ತದೆ. ಅನಿಲದ ಒತ್ತಡಕ್ಕೆ ಕ್ಷಿಪಣಿ ಹೊರಕ್ಕೆ ಚಿಮ್ಮುತ್ತದೆ. ಬೆಂಕಿ ಹೊತ್ತಿಕೊಳ್ಳುವುದು ಆಮೇಲೆ, ಗಾಳಿಯಲ್ಲಿ.

ಟ್ರಕ್ಕಾದರೂ ಉಪಗ್ರಹದ ಕಣ್ಣಿಗೆ ಬೀಳಬಹುದು. ನೀರಿನಡಿ ಇರುವುದನ್ನು ಹುಡುಕುವುದು ಇನ್ನೂ ಕಷ್ಟ. ಪರಮಾಣು ಶಕ್ತಿಯಿಂದ ಓಡುವ ಜಲಾಂತರ್ಗಾಮಿ ಐಎನ್‌ಎಸ್ ಅರಿಹಂತ್ ಮೊದಲ ಗಸ್ತು ಮುಗಿಸಿ ಬಂದ ಸುದ್ದಿ 2018ರ ನವೆಂಬರ್‌ನಲ್ಲಿ ಬಂತು. ನನ್ನ ಪ್ರಕಾರ ಅಗ್ನಿಯ ಎಷ್ಟೋ ಪರೀಕ್ಷೆಗಳಿಗಿಂತ ಇದು ದೊಡ್ಡ ಸುದ್ದಿ. ಹೊಗೆ, ಬೆಂಕಿ ಇರಲಿಲ್ಲ, ಹಾಗಾಗಿ ಟಿವಿಗೆ ತೋರಿಸಲು ಜಾಸ್ತಿ ಏನೂ ಸಿಗಲಿಲ್ಲ. ಕೊರತೆಯೂ ಇತ್ತು. ಅದರಲ್ಲಿದ್ದ ಕೆ-15 ಕ್ಷಿಪಣಿ ಹೋಗುವುದು ಸುಮಾರು 750 ಕಿ.ಮೀ. ಅಷ್ಟರಲ್ಲಿ ಹೊಡೆಯಬೇಕೆಂದರೆ ಎದುರಾಳಿಯ ದಡದ ಹತ್ತಿರಕ್ಕೇ ಹೋಗಬೇಕು. ಸುಮಾರು 3,500 ಕಿ.ಮೀ. ಹೋಗುವ ಕೆ-4 ಬಂದಿದ್ದು ಅದಕ್ಕೇ. ಅದಿದ್ದರೆ ಬಂಗಾಳ ಕೊಲ್ಲಿ ಬಿಟ್ಟು ಕದಲಬೇಕಾಗಿಲ್ಲ.