ಬ್ಲಾಗ್ ಬರೆಯೋದಾ, ಗುಂಪಲ್ಲಿ ಮಾತಾಡೋದಾ?

ಮಂಡ್ಯ ಕಡೆಯ ಪಶುವೈದ್ಯರೊಬ್ಬರು ನಿವೃತ್ತಿಯಾದ ಮೇಲೆ ಬ್ಲಾಗ್ ಶುರು ಮಾಡಿದರು. ಮೂವತ್ತು ವರ್ಷ ಕೊಟ್ಟಿಗೆ ಕೊಟ್ಟಿಗೆ ತಿರುಗಿದವರು. ಕನ್ನಡ ಟೈಪಿಂಗ್ ಬರುತ್ತಿತ್ತು, ಹೇಳುವುದಕ್ಕೂ ಬೇಕಾದಷ್ಟಿತ್ತು. ವಾರಕ್ಕೊಂದು ಲೇಖನ, ಎಂಟು ತಿಂಗಳು ಒಂದು ವಾರವೂ ತಪ್ಪಿಸಲಿಲ್ಲ. ನನ್ನ ಹತ್ತಿರ ಬಂದಾಗ ಮುಖ ಸಪ್ಪಗಿತ್ತು. "ನೋಡಿ ಇವ್ರೇ, ಓದೋರು ಅಂದ್ರೆ ನನ್ನ ಮಗಳು, ಅಳಿಯ, ಹಳೇ ಕಾಂಪೌಂಡರ್. ಅಷ್ಟೇ. ಇದನ್ನ ಬಿಟ್ಟು ಫೇಸ್‌ಬುಕ್ ಗುಂಪಲ್ಲೇ ಬರಕೊಂಡಿರ್ಲಾ?"

ಸಣ್ಣ ವ್ಯಾಪಾರದವರಿಗೆ, ವೃತ್ತಿಪರರಿಗೆ, ಕನ್ನಡದಲ್ಲಿ ಬರೆಯುವವರಿಗೆ ಆನ್‌ಲೈನ್ ಓದುಗರನ್ನು ಕಟ್ಟಿಕೊಡುವುದು ನನ್ನ ಕಸುಬು. ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತದೆ. ಯೋಗ ಕಲಿಸುವವರು ಕೇಳುತ್ತಾರೆ, ತೆರಿಗೆ ಲೆಕ್ಕ ನೋಡುವವರು ಕೇಳುತ್ತಾರೆ, ತಾರಸಿ ತೋಟದವರು ಕೇಳುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೊಡಿ ಅನ್ನುವುದು ಅವರ ಬೇಡಿಕೆ. ನಾನು ಮಾತ್ರ ಮೊದಲು ಅವರ ಹಳೆಯ ಲೇಖನಗಳ ಶೀರ್ಷಿಕೆಗಳನ್ನು ಕೇಳುತ್ತೇನೆ.

ಡಾಕ್ಟರ ಒಂದು ಲೇಖನದ ಶೀರ್ಷಿಕೆ ಹೀಗಿತ್ತು: "ಜಾನುವಾರುಗಳಲ್ಲಿ ಕೆಚ್ಚಲು ಬಾವು: ಕಾರಣ, ಲಕ್ಷಣ ಮತ್ತು ನಿಯಂತ್ರಣೋಪಾಯಗಳು." ಒಳಗಿದ್ದ ವಿಷಯ ಚಿನ್ನ. ಶೀರ್ಷಿಕೆ ಇಲಾಖೆಯ ಕರಪತ್ರದ್ದು. ಹೈನುಗಾರರ ಒಂದು ದೊಡ್ಡ ಗುಂಪಿಗೆ ಅವರನ್ನು ಸೇರಿಸಿ, ಒಂದು ತಿಂಗಳು ಏನೂ ಬರೆಯಬೇಡಿ, ಜನ ಕೇಳಿದ್ದನ್ನು ಕೇಳಿದ ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ ಅಂದೆ. ಅವರಿಗೆ ಸಿಟ್ಟು ಬಂತು. ಕಲಿಸೋಕೆ ಬಂದವರನ್ನು ಕೂರಿಸಿ ಕಾಪಿ ಬರೆಸಿದ ಹಾಗಾಯಿತಲ್ಲ. ಆದರೂ ಬರೆದುಕೊಂಡರು.

ಆ ನೋಟ್‌ಬುಕ್ಕಿನಲ್ಲಿ "ಕೆಚ್ಚಲು ಬಾವು" ಅನ್ನುವ ಪದ ಎರಡೋ ಮೂರೋ ಕಡೆ ಇತ್ತು ಅಷ್ಟೇ. ಜನ ಕೇಳಿದ್ದು ಬೇರೆ ಥರ: "ಹಸು ಕರು ಹಾಕಿ ಹದಿನೈದು ದಿನ, ಒಂದು ಮೊಲೆ ಗಟ್ಟಿ ಆಗಿದೆ." "ಹಾಲು ಒಡೆದ ಹಂಗೆ ಬರ್ತಿದೆ, ಡೇರಿಲಿ ವಾಪಸ್ ಕಳಿಸಿದ್ರು." "ಒದೆಯುತ್ತೆ ಸಾರ್, ಕರೆಯೋಕೆ ಬಿಡಲ್ಲ." ಕಾಯಿಲೆಯ ಹೆಸರು ಗೊತ್ತಿದ್ದವನು ಡಾಕ್ಟರನ್ನು ಹುಡುಕುವುದೇ ಇಲ್ಲ, ಮೆಡಿಕಲ್ ಶಾಪಿಗೆ ಹೋಗುತ್ತಾನೆ. ಹುಡುಕುವವನಿಗೆ ಗೊತ್ತಿರುವುದು ತನ್ನ ಕೈಗೆ ತಾಗಿದ್ದು, ಕಣ್ಣಿಗೆ ಕಂಡಿದ್ದು ಮಾತ್ರ.

ಅದೇ ಲೇಖನವನ್ನು ಒಡೆದು ಮೂರು ಮಾಡಿದೆವು. ಮೊದಲನೆಯದರ ಶೀರ್ಷಿಕೆ: "ಒಂದು ಮೊಲೆಯಲ್ಲಿ ಮಾತ್ರ ಹಾಲು ಒಡೆದು ಬಂದರೆ ಮೊದಲು ಏನು ನೋಡಬೇಕು?" ಮೊದಲ ಸಾಲಿನಲ್ಲೇ ಉತ್ತರ: ಕರೆಯುವ ಮುಂಚೆ ಪ್ರತಿ ಮೊಲೆಯಿಂದ ಮೂರು ನಾಲ್ಕು ಧಾರೆ ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿ, ಮೊಸರಿನ ಚೂರಿನ ಹಾಗೆ ಹೆಪ್ಪು ಕಂಡರೆ ಆ ಮೊಲೆಯನ್ನು ಕೊನೆಗೆ ಕರೆಯಿರಿ, ಆ ಹಾಲನ್ನು ಉಳಿದದ್ದಕ್ಕೆ ಬೆರೆಸಬೇಡಿ. ಎರಡನೆಯದು ಕರೆದ ಮೇಲೆ ಹಸುವನ್ನು ಅರ್ಧ ಗಂಟೆ ಮಲಗಲು ಬಿಡದಿರುವ ಬಗ್ಗೆ. ತೊಟ್ಟಿನ ರಂಧ್ರ ಕರೆದ ಕೂಡಲೇ ಮುಚ್ಚಿಕೊಳ್ಳುವುದಿಲ್ಲ, ಸಗಣಿ ನೆಲಕ್ಕೆ ಕೆಚ್ಚಲು ತಾಗಿದರೆ ರೋಗಾಣು ಒಳಗೆ ಹೋಗುತ್ತದೆ. ಅದಕ್ಕೇ ಕರೆದಾದ ಕೂಡಲೇ ಮುಂದೆ ಹುಲ್ಲು ಹಾಕುವುದು. ಇದೆಲ್ಲ ಹಳೆಯ ಲೇಖನದಲ್ಲೂ ಇತ್ತು, ಹನ್ನೊಂದನೆಯ ಪ್ಯಾರಾದಲ್ಲಿ.

ಬ್ಲಾಗಿಗೂ ಗುಂಪಿಗೂ ಇರುವ ನಿಜವಾದ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ. ಗುಂಪಿಗೆ ಜನ ಅಭ್ಯಾಸಬಲದಿಂದ ಬರುತ್ತಾರೆ, ಬೆಳಿಗ್ಗೆ ಕಾಫಿ ಜೊತೆ. ಬ್ಲಾಗಿಗೆ ಯಾರೂ ಹಾಗೆ ಬರುವುದಿಲ್ಲ. ಬರುವವನು ಒಬ್ಬನೇ ಬರುತ್ತಾನೆ, ಒಂದೇ ತೊಂದರೆ ಹಿಡಿದುಕೊಂಡು ಬರುತ್ತಾನೆ, ಅದೂ ರಾತ್ರಿ ಹನ್ನೊಂದಕ್ಕೆ. ಹಿಂದೆ ಹೀಗಿರಲಿಲ್ಲ. ಇಷ್ಟವಾದ ಬ್ಲಾಗುಗಳನ್ನೆಲ್ಲ ಗೂಗಲ್ ರೀಡರಿನಲ್ಲಿ ಸಾಲಾಗಿ ಜೋಡಿಸಿಕೊಂಡು ದಿನಾ ಓದುವವರಿದ್ದರು. 2013ರ ಜುಲೈ 1ಕ್ಕೆ ಅದನ್ನು ಮುಚ್ಚಿದರು. ದಿನಾ ಓದುವ ಆ ರೂಢಿ ಅಷ್ಟು ಹೊತ್ತಿಗಾಗಲೇ ಫೇಸ್‌ಬುಕ್ಕಿಗೆ ಹೋಗಿತ್ತು. ಆಮೇಲೂ "ದಿನಾ ಬನ್ನಿ, ನನ್ನ ಬ್ಲಾಗ್ ಓದಿ" ಅಂತ ಕೂತವರು ಡಾಕ್ಟರ ಹಾಗೆ ಸಪ್ಪಗಾದರು.

ಹಾಗಂತ ಗುಂಪಿನಲ್ಲಿ ಕಾಣುವ ಗದ್ದಲವನ್ನೇ ಓದುಗಬಳಗ ಅಂದುಕೊಳ್ಳುವುದು ಇನ್ನೊಂದು ಮೋಸ. ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸೆನ್ 2006ರಲ್ಲಿ ಬರೆದ 90-9-1 ಲೆಕ್ಕ ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ: ನೂರು ಜನರಲ್ಲಿ ತೊಂಬತ್ತು ಮಂದಿ ಸುಮ್ಮನೆ ಓದುತ್ತಾರೆ, ಒಂಬತ್ತು ಮಂದಿ ಆಗೀಗ ಬಾಯಿ ಬಿಡುತ್ತಾರೆ, ಒಬ್ಬ ಮಾತಾಡುತ್ತಲೇ ಇರುತ್ತಾನೆ. ಅದು ಅಂದಾಜಿನ ಲೆಕ್ಕ, ಎಲ್ಲ ಕಡೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೆ ಯಾವ ಕನ್ನಡ ಗುಂಪಿಗೆ ಹೋದರೂ ಆ ಒಬ್ಬನನ್ನು ಮೂರೇ ದಿನದಲ್ಲಿ ಗುರುತಿಸಬಹುದು. ಹೊಸಬರು ಹೋದ ಕೂಡಲೇ ಅವನ ಜೊತೆ ವಾದಕ್ಕೆ ಬೀಳುತ್ತಾರೆ. ಲೈಕು ಬರುತ್ತದೆ, ಉತ್ಸಾಹ ಏರುತ್ತದೆ, ಹದಿನೈದು ದಿನ ಕಳೆದು ನೋಡಿದರೆ ಸುಮ್ಮನೆ ಓದುವ ತೊಂಬತ್ತು ಮಂದಿಯಲ್ಲಿ ಒಬ್ಬರಿಗೂ ಇವರು ಏನು ಕೆಲಸ ಮಾಡುತ್ತಾರೆ ಅನ್ನುವುದು ಗೊತ್ತಿರುವುದಿಲ್ಲ.

ಗುಂಪು ಅಂದರೂ ಎಲ್ಲ ಒಂದೇ ಅಲ್ಲ. ವಾಟ್ಸಾಪ್ ಗುಂಪಿಗೆ 1,024 ಜನರ ಮಿತಿ, ಅಲ್ಲಿ ಬರೆದದ್ದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಒಳಗಿನವರಿಗೂ ಮರುದಿನದ "ಶುಭೋದಯ"ಗಳ ಅಡಿ ಹೂತುಹೋಗುತ್ತದೆ. ಫೇಸ್‌ಬುಕ್ಕಿನ ಖಾಸಗಿ ಗುಂಪೊಳಗಿನ ಮಾತು ಗೂಗಲ್ ಹುಡುಕಾಟಕ್ಕೆ ಸಿಗದು. ಬಹಿರಂಗ ಚರ್ಚಾತಾಣದ ಮಾತೇ ಬೇರೆ. ಕಾರಿನ ವಿಷಯಕ್ಕೆ ಟೀಮ್-ಬಿಎಚ್‌ಪಿಯಲ್ಲಿ ಹತ್ತು ವರ್ಷದ ಹಿಂದೆ ಯಾರೋ ಬರೆದ ಕ್ಲಚ್ಚಿನ ಕಥೆ ಇವತ್ತೂ ಹುಡುಕಿದರೆ ಸಿಗುತ್ತದೆ. ಕನ್ನಡದಲ್ಲಿ ಅಂಥ ಬಹಿರಂಗ ಕಟ್ಟೆಗಳು ಕಡಿಮೆ. ಇದ್ದ ಒಂದು ಒಳ್ಳೆಯ ಮಾದರಿ ಹರಿಪ್ರಸಾದ್ ನಾಡಿಗ್ 2005ರಲ್ಲಿ ಶುರು ಮಾಡಿದ ಸಂಪದ. ಒಂದೇ ಅಂಗಳದಲ್ಲಿ ಬ್ಲಾಗೂ ಇತ್ತು, ಚರ್ಚೆಯೂ ಇತ್ತು. ಬರೆದವನ ಪುಟದ ಪಕ್ಕದಲ್ಲೇ ಅವನನ್ನು ಪ್ರಶ್ನಿಸುವವರ ಪುಟ. ಇಂದಿನ ಎಷ್ಟೋ ಲೇಖಕರು ಕನ್ನಡ ಟೈಪಿಂಗಿಗೆ ಕೈ ಪಳಗಿಸಿಕೊಂಡದ್ದು ಅಲ್ಲೇ.

ಟೈಪಿಂಗ್ ಅಂದಾಗ ನೆನಪಾಯಿತು, ಕನ್ನಡದವರಿಗೆ ಮಾತ್ರ ಇರುವ ಒಂದೆರಡು ತಾಪತ್ರಯ ಹೇಳಬೇಕು. ಎಲ್ಲ ಯಂತ್ರಕ್ಕೂ ಓದಲು ಬರುವ ಯೂನಿಕೋಡ್ ಅಕ್ಷರ ಸಂಕೇತ ಬಳಕೆಗೆ ಬರುವ ಮುಂಚೆ ಬರಹ, ನುಡಿ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಬರೆದಿಟ್ಟ ಪುಟಗಳು ಹುಡುಕಾಟದ ಯಂತ್ರಕ್ಕೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನಮ್ಮ ಡಾಕ್ಟರೂ ಎರಡು ಲೇಖನಗಳನ್ನು ಹಳೇ ನುಡಿ ಕಡತದಿಂದ ಎತ್ತಿ ಹಾಕಿದ್ದರು. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇದ್ದುದರಿಂದ ಅವರ ಕಣ್ಣಿಗೆ ಎಲ್ಲ ಸರಿಯಾಗಿತ್ತು, ಮಗಳ ಫೋನಿನಲ್ಲಿ ಕಂಡದ್ದು ಚುಕ್ಕಿ, ಗೀಟು. ಅಪ್ಪನಿಗೆ ಬೇಜಾರಾದೀತು ಅಂತ ಅವಳು ಹೇಳಿರಲಿಲ್ಲ. ಎರಡನೆಯದು, ನಮ್ಮ ಜನ ಕನ್ನಡದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಾರೆ, ಇಲ್ಲವೇ ಫೋನಿಗೆ ಬಾಯಲ್ಲೇ ಹೇಳುತ್ತಾರೆ. ಬಾಯಲ್ಲಿ ಹೇಳುವಾಗ ಯಾರೂ "ನಿಯಂತ್ರಣೋಪಾಯ" ಅನ್ನುವುದಿಲ್ಲ. ಆ ಬಾಯಿಮಾತು ಪುಕ್ಕಟೆ ಸಿಗುವುದು ಗುಂಪಿನಲ್ಲಿ.

ಹಾಗಾದರೆ ಗುಂಪೇ ಸಾಕಲ್ಲ ಅನ್ನುವವರಿಗೆ ನಾನು ಫೇಸ್‌ಬುಕ್ಕಿನಂಥದ್ದೇ ಗೂಗಲ್ಲಿನ ಹಳೇ ತಾಣ ಆರ್ಕುಟ್ ನೆನಪಿಸುತ್ತೇನೆ. ಕನ್ನಡದ ಎಷ್ಟು ಸಮುದಾಯಗಳಿದ್ದವು ಅಲ್ಲಿ! ಪದಗಳ ಬಗ್ಗೆ, ಊರುಗಳ ಬಗ್ಗೆ, ಅಡುಗೆ ಬಗ್ಗೆ ಜನ ರಾತ್ರಿಯಿಡೀ ಕೂತು ಬರೆದರು. 2014ರ ಸೆಪ್ಟೆಂಬರ್ 30ಕ್ಕೆ ಅಂಗಡಿ ಮುಚ್ಚಿತು. ಮೇಲ್ ಮೂಲಕ ಚರ್ಚೆ ನಡೆಯುತ್ತಿದ್ದ ಯಾಹೂ ಗ್ರೂಪ್ಸ್ 2019ರ ಕೊನೆಗೆ ಹಳೆಯ ಬರಹಗಳನ್ನು ಅಳಿಸಿ, 2020ರ ಡಿಸೆಂಬರಿನಲ್ಲಿ ಪೂರ್ತಿ ನಿಂತಿತು. ಬೇರೆಯವರ ಜಾಗದಲ್ಲಿ ಕಟ್ಟಿದ್ದು ಜಾಗದವರಿಗೆ ಬೇಡವಾದ ದಿನ ಹೋಯಿತು. ಇಷ್ಟು ದೊಡ್ಡದೇ ಆಗಬೇಕೆಂದೂ ಇಲ್ಲ. ಬಳ್ಳಾರಿ ಕಡೆಯ ನನ್ನ ಗಿರಾಕಿಯೊಬ್ಬರು ಮೆಣಸಿನಕಾಯಿ ಬೆಳೆಯ ಬಗ್ಗೆ ಒಂದು ಗುಂಪಿನಲ್ಲಿ ಎರಡು ವರ್ಷ ಬರೆದಿದ್ದರು. ಅಡ್ಮಿನ್ ಜೊತೆ ಬೀಜದ ಕಂಪನಿಯೊಂದರ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಬೆಳಗಾಗುವುದರೊಳಗೆ ಅವರೂ ಇಲ್ಲ, ಅವರ ಬರಹವೂ ಇಲ್ಲ.

ಬ್ಲಾಗ್ ಶಾಶ್ವತ ಅಂತಲೂ ಅಲ್ಲ, ಅದನ್ನು ನನ್ನ ಕೈಯಿಂದಲೇ ಕಲಿತಿದ್ದೇನೆ. ಡೊಮೇನ್ ನವೀಕರಿಸುವ ನೆನಪಿನ ಮೇಲ್ ಯಾವುದೋ ಹಳೇ ವಿಳಾಸಕ್ಕೆ ಹೋಗಿ, ನನ್ನ ಸ್ವಂತ ತಾಣದ ಹೆಸರು ಒಂದು ಸಲ ಬೇರೆಯವರ ಪಾಲಾಯಿತು. ಆರು ವರ್ಷದ ಕೊಂಡಿಗಳೆಲ್ಲ ಜೂಜಿನ ಜಾಹೀರಾತಿಗೆ ಹೋಗುತ್ತಿದ್ದವು. ಬರಹದ ಪ್ರತಿ ನನ್ನ ಹತ್ತಿರ ಇತ್ತು, ಹೊಸ ಹೆಸರಿನಡಿ ಮತ್ತೆ ಹಾಕಿದೆ. ಗುಂಪಿನಲ್ಲಿ ಹಾಗೆ ಪ್ರತಿ ಇಟ್ಟುಕೊಂಡವರನ್ನು ನಾನು ಇನ್ನೂ ನೋಡಿಲ್ಲ.

ನಾನೇ ಒಂದು ಗುಂಪು ಕಟ್ಟುತ್ತೇನೆ ಅಂತ ಹೊರಡುವವರೂ ಇದ್ದಾರೆ. ಅವಸರ ಬೇಡ. ಓದುಗರಿಲ್ಲದ ಬ್ಲಾಗಿಗೆ ನಾಚಿಕೆಯಿಲ್ಲ, ಲೇಖನ ತನ್ನ ಪಾಡಿಗೆ ಕಾದಿರುತ್ತದೆ. ಖಾಲಿ ಗುಂಪು ಹಾಗಲ್ಲ, ಊಟಕ್ಕೆ ಕರೆದು ಯಾರೂ ಬಾರದ ಮನೆ ಅದು. ಬಂದ ಒಬ್ಬನೂ ಚಪ್ಪಲಿ ಬಿಡದೆ ವಾಪಸು ಹೋಗುತ್ತಾನೆ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2008ರಲ್ಲಿ ತೆರೆದಾಗ ಮೊದಲ ದಿನವೇ ತುಂಬಿದ್ದಕ್ಕೆ ಕಾರಣವಿದೆ. ಕಟ್ಟಿದವರಲ್ಲಿ ಜೋಯೆಲ್ ಸ್ಪೋಲ್ಸ್ಕಿ 2000ದಿಂದ, ಜೆಫ್ ಅಟ್‌ವುಡ್ 2004ರಿಂದ ಬ್ಲಾಗ್ ಬರೆಯುತ್ತಿದ್ದವರು. ಹೊಸ ತಾಣಕ್ಕೆ ಯಾವ ಹೆಸರಿಡಬೇಕು ಅನ್ನುವುದನ್ನೂ ಅಟ್‌ವುಡ್ ತನ್ನ ಬ್ಲಾಗಿನ ಓದುಗರ ಮತಕ್ಕೆ ಬಿಟ್ಟಿದ್ದರು. ವರ್ಷಗಟ್ಟಲೆ ಓದಿ ನಂಬಿದ್ದ ಜನ ಬಂದು ಕೂತರು.

ಗುಂಪಿನಲ್ಲಿ ನಡೆದುಕೊಳ್ಳುವ ಬಗ್ಗೆ ನಾನು ಹೇಳುವುದು ಒಂದೇ: ಕೊಂಡಿ ಎಸೆದು ಓಡಬೇಡಿ. "ಇದರ ಬಗ್ಗೆ ನನ್ನ ಬ್ಲಾಗಿನಲ್ಲಿ ಬರೆದಿದ್ದೇನೆ, ನೋಡಿ" ಅನ್ನುವವನನ್ನು ಯಾರೂ ನೋಡುವುದಿಲ್ಲ, ಅಡ್ಮಿನ್ ಮಾತ್ರ ನೋಡಿ ಹೊರಗೆ ಹಾಕುತ್ತಾನೆ. ಕೇಳಿದವನಿಗೆ ಅಲ್ಲೇ, ಅವನ ಹಸುವಿಗೆ ತಕ್ಕ ಹಾಗೆ, ಪೂರ್ತಿ ಉತ್ತರ ಕೊಡಿ. ಅದೇ ಪ್ರಶ್ನೆ ಮೂರನೆಯ ಸಲ ಬಂದಾಗ ಬ್ಲಾಗಿನಲ್ಲಿ ಬರೆಯಿರಿ. ನಾಲ್ಕನೆಯವನಿಗೆ ಉತ್ತರ ಕೊಟ್ಟಾದ ಮೇಲೆ ಕೊಂಡಿ ಹಾಕಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೆಲವರಿಗೆ ಈ ದಾರಿ ಹೊಂದುವುದಿಲ್ಲ. ವಕೀಲರು ಕೆಲಸ ಕೇಳಿಕೊಂಡು ಹೋಗುವುದನ್ನು, ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲಿನ 36ನೇ ನಿಯಮ ತಡೆಯುತ್ತದೆ. ಗುಂಪಿನಲ್ಲಿ ಯಾರದೋ ಆಸ್ತಿ ಜಗಳಕ್ಕೆ ಸಲಹೆ ಕೊಟ್ಟು ಕೊನೆಗೆ ನಂಬರು ಹಾಕುವುದು ಅವರಿಗೆ ತಕ್ಕದ್ದಲ್ಲ, ಕಾನೂನನ್ನು ವಿವರಿಸುವ ಬರಹವಷ್ಟೇ ಕ್ಷೇಮ. ಮನುಷ್ಯರ ಡಾಕ್ಟರಿಗೂ ರೋಗಿಯನ್ನು ನೋಡದೆ ಗುಂಪಿನಲ್ಲಿ ಔಷಧಿ ಹೇಳುವುದು ಬೇಡ ಅನ್ನುತ್ತೇನೆ. ಇತ್ತ ಮದುವೆ ಅಡುಗೆ ಕಂಟ್ರಾಕ್ಟರಿಗೆ ಬ್ಲಾಗಿನ ಗೊಡವೆಯೇ ಬೇಡ. ಅವರ ಗಿರಾಕಿ ಲೇಖನ ಓದಿ ಬರುವವರಲ್ಲ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ "ಯಾರಾದ್ರೂ ಒಳ್ಳೇ ಅಡುಗೆಯವರು ಇದಾರಾ?" ಅಂತ ಕೇಳುವವರು.

ಡಾಕ್ಟರಿಗೆ ಈಗ ಬ್ಲಾಗಿನ ಓದುಗರು ಯಾರು ಅಂತ ಗೊತ್ತಿಲ್ಲ. ಅದೇ ಅವರಿಗೆ ಖುಷಿ, ಅಳಿಯನಲ್ಲ ಅಂತ. ಹೋದ ತಿಂಗಳು ಗುಂಪಿನಲ್ಲಿ ಯಾರೋ ಹಾಲು ಒಡೆದ ಪ್ರಶ್ನೆ ಹಾಕಿದಾಗ ಇವರು ಫೋನ್ ನೋಡುವಷ್ಟರಲ್ಲಿ ಇನ್ನೊಬ್ಬ ರೈತ ಇವರ ಲೇಖನದ ಕೊಂಡಿ ಅಂಟಿಸಿಬಿಟ್ಟಿದ್ದ. ಕೆಳಗೆ ಹೆಣ್ಣುಮಗಳೊಬ್ಬರು ಕೇಳಿದ್ದರು: "ಇಂಜೆಕ್ಷನ್ ಕೊಡಿಸಿದ್ಮೇಲೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು? ಡಾಕ್ಟ್ರು ಹೇಳಲ್ಲ, ಡೇರಿಯೋರೂ ಹೇಳಲ್ಲ." ಅದು ಲೇಖನದಲ್ಲಿರಲಿಲ್ಲ. ಔಷಧಿಯಿಂದ ಔಷಧಿಗೆ ಬದಲಾಗುವ ಲೆಕ್ಕ ಅದು. ಮೊನ್ನೆ ಫೋನ್ ಮಾಡಿದಾಗ ಅವರು ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ ಕೂತು, ಒಂದೊಂದೇ ಬಾಟಲಿ ಇಸಕೊಂಡು, ಭೂತಗನ್ನಡಿ ಹಿಡಿದು ಲೇಬಲ್ಲಿನ ಸಣ್ಣಕ್ಷರ ಓದಿ ಬರೆದುಕೊಳ್ಳುತ್ತಿದ್ದರು. "ಹನ್ನೆರಡು ಬಾಟಲಿ ಆಗಿದೆ, ಇನ್ನೂ ಐದಾರಿದೆ, ಆಮೇಲೆ ಮಾಡಿ" ಅಂತ ಫೋನ್ ಇಟ್ಟರು.