ಫೈರ್ ಎಂಜಿನ್ ಬರುವ ಮುಂಚೆ

ಶಿವರಾತ್ರಿ ಕಳೆಯಿತು ಅಂದರೆ ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಬೇಸಿಗೆಯ ಕರೆಗಳು ಜಾಸ್ತಿ ಬರುವುದೇ ಆ ಹೊತ್ತಿನಲ್ಲಿ. ಬಿಸಿಲು ಏರಿರುತ್ತದೆ, ಗಾಳಿ ಎದ್ದಿರುತ್ತದೆ, ಕಬ್ಬಿನ ತರಗು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಜೋತುಬಿದ್ದ ಎರಡು ತಂತಿ ಒಂದಕ್ಕೊಂದು ತಾಗಿ ಕಿಡಿ ಉದುರಿದರೂ ಸಾಕು. ಬದುವಿನ ಮೇಲೆ ಎಸೆದ ಬೀಡಿಯೂ ಸಾಕು.

"ಸಾ, ಮೆದೆಗೆ ಬೆಂಕಿ ಬಿದ್ಬುಟ್ಟದೆ, ಬಿರ್ನೆ ಬನ್ನಿ." ಇಷ್ಟು ಹೇಳಿ ಫೋನ್ ಇಟ್ಟುಬಿಡುತ್ತಾರೆ. ಗಾಬರಿ, ಅರ್ಥವಾಗುತ್ತದೆ. ಆದರೆ ಯಾವ ಊರು? ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ? ಮಂಡ್ಯ ಪೇಟೆಯೊಳಗೇ ಒಂದು ಹೊಸಹಳ್ಳಿ ಇದೆ, ತಾಲೂಕುಗಳಲ್ಲಿ ಇನ್ನೂ ಎಷ್ಟೋ ಇವೆ. ಕರೆ ತೆಗೆದುಕೊಳ್ಳುವ ನಮ್ಮ ವಾಚ್ ರೂಮಿನ ಸಿಬ್ಬಂದಿ ಅದೇ ನಂಬರಿಗೆ ತಿರುಗಿ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಆ ಪುಣ್ಯಾತ್ಮ ನೆಂಟರಿಗೆಲ್ಲ ಫೋನ್ ಹಚ್ಚಿರುತ್ತಾನೆ, ಲೈನ್ ಬಿಜಿ. ಗಂಟೆ ಹೊಡೆದ ಒಂದು ನಿಮಿಷದೊಳಗೆ ಗಾಡಿ ಗೇಟು ದಾಟಬೇಕು ಅಂತ ನಾವು ದಿನಾ ಅಭ್ಯಾಸ ಮಾಡುತ್ತೇವೆ. ಹಾಗೆ ಉಳಿಸಿದ ಹೊತ್ತು ಊರು ಹುಡುಕುವುದರಲ್ಲಿ ಹೋದರೆ ನಮಗೂ ಸಂಕಟ.

101 ಅಥವಾ 112ಕ್ಕೆ ಕರೆ ಮಾಡಿದಾಗ ಊರಿನ ಜೊತೆ ಹೋಬಳಿ ಹೇಳಿ. ಹತ್ತಿರದ ದೇವಸ್ಥಾನ, ಡೈರಿ, ನಾಲೆ ಸೇತುವೆ, ಏನಿದೆಯೋ ಅದನ್ನು ಹೇಳಿ. ಏನು ಉರಿಯುತ್ತಿದೆ, ಒಳಗೆ ಜನ ಅಥವಾ ದನ ಇದ್ದಾರಾ, ಲಾರಿ ಹೋಗುವಷ್ಟು ದಾರಿ ಇದೆಯಾ, ಇಷ್ಟು ಗೊತ್ತಾದರೆ ಯಾವ ಗಾಡಿ ಕಳಿಸಬೇಕು, ಏನೇನು ಹೊರಿಸಬೇಕು ಅಂತ ಇಲ್ಲೇ ತೀರ್ಮಾನ ಆಗುತ್ತದೆ. ಆಮೇಲೆ ಆ ಫೋನನ್ನು ಸುಮ್ನೆ ಬಿಟ್ಟಿರಿ. ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ. ರಾತ್ರಿಯಾದರೆ ಅವನ ಕೈಗೆ ಟಾರ್ಚ್ ಕೊಡಿ.

ನೀರಿನ ಲೆಕ್ಕವನ್ನು ಜನರಿಗೆ ಬಿಡಿಸಿ ಹೇಳಬೇಕು ಅಂತ ನನಗೆ ಬಹಳ ದಿನದಿಂದ ಅನಿಸಿದೆ. ನಮ್ಮ ದೊಡ್ಡ ಗಾಡಿಯಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ. ಕೇಳುವುದಕ್ಕೆ ಜಾಸ್ತಿ. ಆದರೆ ಒಂದು ಹೋಸ್ ಪೈಪಿನ ಬ್ರಾಂಚ್, ಅಂದರೆ ತುದಿಯಲ್ಲಿ ನೀರು ಚಿಮ್ಮುವ ನಳಿಕೆ, ನಿಮಿಷಕ್ಕೆ 450 ಲೀಟರ್ ಎರಚಿದರೆ ಹತ್ತು ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಬ್ರಾಂಚ್ ಹಿಡಿದರೆ ಐದೇ ನಿಮಿಷ. ಆಮೇಲೆ ನೀರು ಎಲ್ಲಿಂದ? ಊರಿನವರು ಪಂಪ್‌ಸೆಟ್ ತೋರಿಸುತ್ತಾರೆ. ಆದರೆ ತಂತಿ ಕೆಳಗೆ ನೀರು ಹೊಡೆಯಬೇಕಾದರೆ ಕರೆಂಟ್ ಕಂಪನಿ ಸೆಸ್ಕ್‌ನವರಿಗೆ ಹೇಳಿ ಮೊದಲು ಲೈನ್ ತೆಗೆಸಿರುತ್ತೇವೆ. ಕರೆಂಟ್ ಇಲ್ಲದ ಮೇಲೆ ಮೋಟಾರ್ ಎಲ್ಲಿ ಓಡುತ್ತದೆ? ಹಾಗಾಗಿ ನಾಲೆಯೋ ಕೆರೆಯೋ ಹುಡುಕಿ ನಮ್ಮ ಪಂಪಿನಲ್ಲೇ ನೀರು ಎಳೆಯಬೇಕು. ಅದಕ್ಕೂ ಒಂದು ಮಿತಿ ಇದೆ. ಮೇಲೆ ನಿಂತ ಯಾವ ಪಂಪೂ ಸುಮಾರು 7 ಮೀಟರ್‌ಗಿಂತ ಆಳದಿಂದ ನೀರನ್ನು ಸರಿಯಾಗಿ ಹೀರಲಾರದು. ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಲೆಕ್ಕದಲ್ಲಿ ಅದು 10 ಮೀಟರ್‌ಗೆ ಮುಗಿಯುತ್ತದೆ, ಕೆಲಸದಲ್ಲಿ ಇನ್ನೂ ಮುಂಚೆಯೇ ಕೈ ಕೊಡುತ್ತದೆ. "ಪಕ್ಕದಲ್ಲೇ ಬಾವಿ ಇತ್ತು, ಇವರು ಮುಟ್ಟಲೇ ಇಲ್ಲ" ಅಂತ ಬೈಸಿಕೊಂಡಿದ್ದೇವೆ. ಆ ಬಾವಿಯಲ್ಲಿ ನೀರು ಪಾತಾಳದಲ್ಲಿತ್ತು, ಅಷ್ಟೇ ಕಾರಣ.

ಕಬ್ಬಿನ ಗದ್ದೆಗೆ ಬೆಂಕಿ ಬಿದ್ದರೆ ಅದು ಗಾಳಿ ಬೀಸುವ ಕಡೆಗೆ ಓಡುತ್ತದೆ. ನೆಲದ ಮೇಲಿನ ತರಗು ಮೊದಲು ಹತ್ತಿಕೊಂಡು, ಗಿಡಕ್ಕೇ ಅಂಟಿದ ಒಣ ಎಲೆಗಳ ಮೇಲೆ ಏರುತ್ತದೆ. ಬೆಂಕಿಯ ಮುಖಕ್ಕೆ ಎದುರಾಗಿ ನಿಲ್ಲುವುದು ನಮಗೂ ಆಗದು. ಸುಟ್ಟು ಕರಿಯಾದ ಹಿಂಬದಿಯಿಂದ ಹೊರಟು ಎರಡೂ ಪಕ್ಕವನ್ನು ಒತ್ತುತ್ತಾ ಮುಂದಕ್ಕೆ ಹೋಗುತ್ತೇವೆ. ಮುಂದಿನ ಗದ್ದೆ ಉಳಿಸಬೇಕಾದರೆ ಬೆಂಕಿಯಿಂದ ಸಾಕಷ್ಟು ದೂರದಲ್ಲಿ ಕಬ್ಬು ಕಡಿದು, ತರಗು ಎಳೆದು ಹಾಕಿ, ನೆಲ ಬಯಲು ಮಾಡಬೇಕು. ಎರಡು ಸಾಲು ಕಡಿದರೆ ಸಾಲದು, ಬೆಂಕಿ ಆರಾಮಾಗಿ ಹಾರುತ್ತದೆ. ದಯವಿಟ್ಟು ಕಬ್ಬಿನ ಒಳಕ್ಕೆ ಮಾತ್ರ ನುಗ್ಗಬೇಡಿ. ಒಳಗೆ ಹೊಗೆ ಕವಿದರೆ ದಿಕ್ಕು ತಪ್ಪುತ್ತದೆ, ಗಾಳಿ ಯಾವಾಗ ತಿರುಗುತ್ತದೆ ಅಂತ ಹೇಳಲಾಗದು. ಸುಟ್ಟ ಕಬ್ಬನ್ನು ಬೇಗ ಕಡಿದು ಅರೆಸಿದರೆ ಒಂದಷ್ಟಾದರೂ ದುಡ್ಡು ಕೈಗೆ ಬರುತ್ತದೆ. ಹೋದ ಜೀವ ಬರುತ್ತದಾ?

ಹುಲ್ಲಿನ ಮೆದೆಯದು ಬೇರೆ ಕಥೆ. ಮೇಲೆ ಎಷ್ಟು ನೀರು ಹೊಯ್ದರೂ ಇಳಿಜಾರಾಗಿ ಹೊರಗೆ ಹರಿದುಹೋಗುತ್ತದೆ. ಬೆಂಕಿ ಒಳಗೆ ಕೂತು ಮೆಲ್ಲಗೆ ಕೊರೆಯುತ್ತಿರುತ್ತದೆ. ಮೆದೆ ಕಿತ್ತು, ಹರಡಿ, ಒಂದೊಂದು ಪದರವನ್ನೂ ನೆನೆಸಬೇಕು. ಜೆಸಿಬಿ ಸಿಕ್ಕರೆ ಬೇಗ ಆಗುತ್ತದೆ, ಇಲ್ಲದಿದ್ದರೆ ಕೊಕ್ಕೆ, ಕೈ. ವರ್ಷವಿಡೀ ಹಸುಗಳಿಗೆ ಹಾಕಬೇಕಾದ ಮೇವನ್ನು ನಾವು ಕಿತ್ತು ಚೆಲ್ಲುವುದು ನೋಡಿ ಮನೆಯ ಹೆಂಗಸರು ಅಳುತ್ತಾರೆ. ಸಂಕಟವಾಗುತ್ತದೆ. ಆದರೆ ಹಾಗೆ ಮಾಡದೆ ಹೊರಟರೆ ರಾತ್ರಿ ಅದು ಮತ್ತೆ ಹತ್ತಿಕೊಳ್ಳುತ್ತದೆ, ಆಗ ಪಕ್ಕದ ಕೊಟ್ಟಿಗೆಯೂ ಹೋಗುತ್ತದೆ. ಮೆದೆಯನ್ನು ಕೊಟ್ಟಿಗೆಗೆ ಅಂಟಿಸಿ ಒಟ್ಟಬೇಡಿ, ಕರೆಂಟ್ ತಂತಿಯ ಕೆಳಗೆ ಒಟ್ಟಬೇಡಿ. ಹುಲ್ಲು ಹೇರಿದ ಟ್ರಾಕ್ಟರ್ ತಂತಿಗೆ ತಗುಲಿ ಉರಿಯುವ ಕರೆಗಳೂ ಇದೇ ಕಾಲದಲ್ಲಿ ಬರುತ್ತವೆ. ಹೇರು ಎತ್ತರ ಮಾಡುವ ಮುಂಚೆ ದಾರಿಯ ಮೇಲಿನ ತಂತಿಗಳನ್ನು ಒಮ್ಮೆ ನೋಡಿಕೊಳ್ಳಿ.

ಅಡುಗೆಮನೆಯ ಗ್ಯಾಸ್ ಬಗ್ಗೆ ಜನರಿಗೆ ಭಯ ಇದೆ, ಆದರೆ ಭಯ ಇರಬೇಕಾದ ಕಡೆ ಇಲ್ಲ. ಸಿಲಿಂಡರ್ ಬಾಯಲ್ಲಿ ಬೆಂಕಿ ಕಂಡರೆ ಎಲ್ಲರೂ ಓಡುತ್ತಾರೆ. ವಾಸನೆ ಬಂದರೆ ಮಾತ್ರ ಒಳಗೆ ಹೋಗಿ ಲೈಟ್ ಹಾಕಿ ನೋಡುತ್ತಾರೆ. ಇದು ಪೂರ್ತಿ ತಿರುವುಮುರುವು. ಬಾಯಲ್ಲಿ ಉರಿಯುವ ಗ್ಯಾಸ್ ಅಲ್ಲಲ್ಲೇ ಸುಟ್ಟುಹೋಗುತ್ತಿರುತ್ತದೆ. ಉರಿಯದೆ ಸೋರುವ ಗ್ಯಾಸ್ ಗಾಳಿಗಿಂತ ಭಾರ, ನೀರಿನ ಹಾಗೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಸಿಲಿಂಡರ್ ಒಳಗಿನ ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 250 ಲೀಟರ್ ಅನಿಲ ಆಗುತ್ತದೆ. ಕೋಣೆಯ ಗಾಳಿಯಲ್ಲಿ ಅದು ಶೇ 2ರಷ್ಟು ಸೇರಿದರೂ ಒಂದು ಸ್ವಿಚ್ಚಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಕಿಟಕಿ ಬಾಗಿಲು ತೆಗೆಯಿರಿ, ಕೈಗೆ ಸಿಕ್ಕರೆ ರೆಗ್ಯುಲೇಟರ್ ಮುಚ್ಚಿ, ಮನೆಯವರನ್ನೆಲ್ಲ ಹೊರಗೆ ಕರೆತನ್ನಿ. ಫೋನ್ ಹೊರಗಿನಿಂದ ಮಾಡಿ. ಗ್ಯಾಸ್ ಸೋರಿಕೆಗೇ ಅಂತ 1906 ಇದೆ.

ಬಾಯಲ್ಲಿ ಉರಿಯುತ್ತಿದ್ದರೆ ದಪ್ಪ ಗೋಣಿಚೀಲವನ್ನು ಚೆನ್ನಾಗಿ ನೆನೆಸಿ, ಎರಡು ಕೈಯಲ್ಲಿ ಅಗಲವಾಗಿ ಹಿಡಿದು, ಅಂಗೈಗಳನ್ನು ಬಟ್ಟೆಯ ಹಿಂದೆ ಮರೆಮಾಡಿಕೊಂಡು, ನಿಮ್ಮ ಕಡೆಯಿಂದ ಆಚೆಗೆ ಹೊದಿಸಬೇಕು. ಒಡನೆಯೇ ಅದರ ಮೇಲಿಂದಲೇ ರೆಗ್ಯುಲೇಟರ್ ತಿರುಗಿಸಿ ಮುಚ್ಚಬೇಕು. ಈ ಎರಡನೆಯ ಕೆಲಸ ಮರೆತರೆ ಬೆಂಕಿ ಆರಿ ಗ್ಯಾಸ್ ಸೋರುವುದು ಮುಂದುವರಿಯುತ್ತದೆ. ಬೆಂಕಿ ಸಿಲಿಂಡರಿನ ಮೈಯನ್ನೇ ಕಾಯಿಸುತ್ತಿದ್ದರೆ ಮಾತ್ರ ಹತ್ತಿರ ಸುಳಿಯಬೇಡಿ, ದೂರ ಹೋಗಿ, ಅಕ್ಕಪಕ್ಕದ ಮನೆಯವರನ್ನೂ ಎಬ್ಬಿಸಿ. ಕಿತ್ತಳೆ ಬಣ್ಣದ ಟ್ಯೂಬನ್ನು ಐದು ವರ್ಷಕ್ಕೆ ಬದಲಿಸಿ. ಅದರ ಮೇಲೆಯೇ ವರ್ಷ ಅಚ್ಚಾಗಿರುತ್ತದೆ.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಬಾವಿಯ ಕರೆ. ಮೇಲೆ ಹೇಳಿದ 7 ಮೀಟರ್ ಲೆಕ್ಕ ಇಲ್ಲೂ ಬರುತ್ತದೆ. ನೀರು ಕೆಳಗಿಳಿದರೆ ಡೀಸೆಲ್ ಎಂಜಿನ್ ಮೇಲಿನಿಂದ ಎಳೆಯುವುದಿಲ್ಲ. ರೈತರು ಅದನ್ನೇ ಬಾವಿಯೊಳಗೆ ಇಳಿಸಿ ಮೆಟ್ಟಿಲ ಮೇಲೆ ಕೂರಿಸಿ ಓಡಿಸುತ್ತಾರೆ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನ್ ನಿಲ್ಲಿಸಲು ಇಳಿದವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನಿಗಾಗಿ ಅಪ್ಪ. ಪಾಳುಬಾವಿ, ಗೋಬರ್ ಗ್ಯಾಸ್ ಗುಂಡಿ, ಒಳಚರಂಡಿಯಲ್ಲಿ ಕೊಳೆತ ಪದಾರ್ಥದಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಜಾಸ್ತಿಯಾದರೆ ಮೂಗು ಆ ವಾಸನೆಯನ್ನೇ ಹಿಡಿಯುವುದಿಲ್ಲ. ವಾಸನೆ ಹೋಯಿತು ಅಂತ ಧೈರ್ಯ ಮಾಡಿದವರು ಉಳಿದಿಲ್ಲ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನೂ ನಂಬಬೇಡಿ. ಆಮ್ಲಜನಕ ತೀರಾ ಕಮ್ಮಿಯಾದರೆ ದೀಪ ಆರೀತು, ವಿಷಗಾಳಿ ಇದ್ದರೂ ಅದು ಉರಿಯುತ್ತಲೇ ಇರಬಹುದು. ಎಲ್ಲಿ ಸುಡುವ ಅನಿಲ ತುಂಬಿದೆಯೋ ಅಲ್ಲಿ ದೀಪವೇ ಸ್ಫೋಟಕ್ಕೆ ಕಾರಣ.

ನಾವು ಬಂದ ಕೂಡಲೇ ಹಾರುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಮುಖವಾಡದ ಅಂಚಿನಲ್ಲಿ ಗಾಳಿ ಸೋರುತ್ತದಾ ನೋಡಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲಿನವನ ಜೊತೆ ಎಳೆತದ ಸಂಕೇತ ಮಾತಾಡಿಕೊಂಡು ಆಮೇಲೆ ಇಳಿಯುತ್ತೇವೆ. ಊರಿನವರಿಗೆ ಆ ಹೊತ್ತು ಬಹಳ ಉದ್ದ ಅನಿಸುತ್ತದೆ. "ಎಳನೀರು ಕುಡೀತಾ ಕೂತ್ಕಳಿ" ಅಂತ ಕೂಗಿದವರೂ ಇದ್ದಾರೆ. ಒಳಗಿರುವುದು ಅವರ ಮಗ, ಆ ಕೋಪವನ್ನು ನಾವು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆರು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಸುಮಾರು 1,800 ಲೀಟರ್. ಕಾಗದದ ಮೇಲೆ ಅದು 45 ನಿಮಿಷಕ್ಕೆ ಬರುತ್ತದೆ. ಭಾರ ಎತ್ತುವವನು ಏದುಸಿರು ಬಿಡುತ್ತಾನೆ, ಗಾಳಿ ಮುಗಿಯುತ್ತಾ ಬಂತು ಅಂತ ಅರ್ಧ ಗಂಟೆಯೊಳಗೇ ಸಿಲಿಂಡರಿನ ಸೀಟಿ ಕೂಗುತ್ತದೆ. ಸೀಟಿ ಕೂಗಿದ ಮೇಲೆ ಮೇಲೆ ಬರಲೇಬೇಕು. ನಾವು ಬರುವ ತನಕ ನೀವು ಮಾಡಬಹುದಾದ್ದು ಇಷ್ಟು: ಯಾರನ್ನೂ ಇಳಿಯಲು ಬಿಡಬೇಡಿ. ಒಳಗಿರುವವನಿಗೆ ಎಚ್ಚರ ಇದ್ದರೆ ಕುಣಿಕೆ ಹಾಕಿದ ಹಗ್ಗ ಇಳಿಬಿಟ್ಟು ಕಂಕುಳ ಕೆಳಗೆ ಹಾಕಿಕೊಳ್ಳಲು ಹೇಳಿ.

ಇದಕ್ಕಾಗಿಯೇ ಬೆಳಿಗ್ಗೆಯ ಡ್ರಿಲ್. ಹಾಜರಿ ಆದ ಮೇಲೆ ಹೋಸ್ ಡ್ರಿಲ್, ಏಣಿ ಡ್ರಿಲ್, ಪಂಪ್ ಡ್ರಿಲ್. ಕೆಲಸಕ್ಕೆ ಸೇರುವಾಗ ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಅಕಾಡೆಮಿಯಲ್ಲಿ ಕಲಿತದ್ದನ್ನೇ ಠಾಣೆಯಲ್ಲಿ ಮತ್ತೆ ಮತ್ತೆ ಮಾಡುತ್ತೇವೆ. ಕುರ್ಚಿ ಗಂಟು ಅಂತ ಒಂದಿದೆ. ಒಂದೇ ಹಗ್ಗದಲ್ಲಿ ಎರಡು ಕುಣಿಕೆ, ಒಂದು ಎದೆಗೆ, ಇನ್ನೊಂದು ಮಂಡಿಗಳ ಕೆಳಗೆ. ಎಚ್ಚರ ತಪ್ಪಿದವನನ್ನೂ ಅದರಲ್ಲಿ ಕೂರಿಸಿ ಎತ್ತಬಹುದು. ಹೊಸ ಹುಡುಗರಿಗೆ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಒದ್ದೆ ಗ್ಲೌಸ್ ಹಾಕಿಸಿ ಅದನ್ನು ಕಟ್ಟಿಸುತ್ತೇವೆ. ಹೊಗೆ ತುಂಬಿದ ಮನೆಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಒಂದು ಕೈ ಗೋಡೆ ಬಿಡದೆ, ಮಂಡಿಯೂರಿ, ಬಾಗಿಲಿಗೆ ಅಂಗೈ ಹಿಂಬದಿ ತಾಗಿಸಿ ಬಿಸಿ ನೋಡುತ್ತಾ ಹೋಗಬೇಕು. ಹಾಗೇ ಹೊರಗೆ ಬರುವಾಗ ಅದೇ ಗೋಡೆ ಹಿಡಿದು ಬರಬೇಕು.

ಏಪ್ರಿಲ್ 14ಕ್ಕೆ ಎಲ್ಲ ಠಾಣೆಗಳಲ್ಲೂ ಮೌನಾಚರಣೆ ಇರುತ್ತದೆ. 1944ರ ಆ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಹತ್ತಿಯ ಮೂಟೆಗಳನ್ನೂ ಸ್ಫೋಟಕಗಳನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಏನು ಉರಿಯುತ್ತಿದೆ ಅಂತ ನಾವು ಫೋನಿನಲ್ಲಿ ಪದೇ ಪದೇ ಕೇಳುವುದಕ್ಕೆ ಇದೂ ಒಂದು ಕಾರಣ. ಗೋದಾಮಿನಲ್ಲಿ ಪಟಾಕಿ, ಕ್ರಿಮಿನಾಶಕ, ಗ್ಯಾಸ್ ಇದ್ದರೆ ಮುಚ್ಚಿಡಬೇಡಿ. ಲೈಸೆನ್ಸ್ ವಿಚಾರ ಆಮೇಲೆ.

ನೀರಿನ ಕರೆಗಳು ವರ್ಷವಿಡೀ ಇರುತ್ತವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಆ ನೋವು ಈ ಜಿಲ್ಲೆಯಲ್ಲಿ ಇನ್ನೂ ಆರಿಲ್ಲ. ನಾಲೆಯ ಏರಿ ಜಾರುತ್ತದೆ, ಒಳಗೆ ಬಿದ್ದವನಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಈಜು ಬಂದರೂ ಹಾರುವ ಮುಂಚೆ ಹಗ್ಗ, ಸೀರೆ, ಉದ್ದನೆಯ ಗಳ, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನಾದರೂ ಎಸೆಯಿರಿ. ಬಿದ್ದವನಿಗಿಂತ ಸ್ವಲ್ಪ ಮುಂದೆ, ನೀರು ಹರಿಯುವ ಕಡೆಗೆ ಎಸೆಯಬೇಕು.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತ ಕಂಡರೆ ಗಾಡಿ ಯಾವ ದಿಕ್ಕಿಗೆ ಹೋಗುತ್ತಿತ್ತು ಅಂತ ಮೊದಲು ಹೇಳಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಿ. 2023ರಲ್ಲಿ ತೆರೆದ ಆ ರಸ್ತೆಗೆ ಎರಡೂ ಬದಿ ಬೇಲಿ ಇದೆ, ನಡುವೆ ವಿಭಜಕ ಇದೆ. ತಪ್ಪು ಬದಿಗೆ ಹತ್ತಿದರೆ ಕಣ್ಣೆದುರೇ ಕಾರು ಕಂಡರೂ ಮುಂದಿನ ಇಳಿದಾರಿ ತನಕ ಹೋಗಿ ತಿರುಗಿ ಬರಬೇಕು. ಒಳಗೆ ಸಿಕ್ಕಿಕೊಂಡವರಿದ್ದರೆ ಅದನ್ನೂ ಹೇಳಿ, ಕಬ್ಬಿಣ ಕತ್ತರಿಸುವ ಹೈಡ್ರಾಲಿಕ್ ಕಟರ್ ತರುತ್ತೇವೆ. ಅಲ್ಲಿಯವರೆಗೆ ಅವರನ್ನು ಕೈ ಹಿಡಿದು ಎಳೆಯಬೇಡಿ, ಬೆನ್ನುಮೂಳೆಗೆ ಏಟಾಗಿರಬಹುದು. ಕಾರು ಹತ್ತಿಕೊಂಡಿದ್ದರೆ ಮಾತ್ರ ಎಳೆದು ಹೊರಗೆ ಹಾಕಿ.

ನಿಮ್ಮ ಊರಿನಲ್ಲಿ ಪ್ರಾತ್ಯಕ್ಷಿಕೆ ಬೇಕಾದರೆ ಹತ್ತಿರದ ಅಗ್ನಿಶಾಮಕ ಠಾಣೆಗೆ ಬಂದು ಪಂಚಾಯ್ತಿಯಿಂದಲೋ ಶಾಲೆಯಿಂದಲೋ ಒಂದು ಪತ್ರ ಕೊಡಿ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು ಒಳ್ಳೆಯದು, ಆಗ ಹೆಂಗಸರೂ ಇರುತ್ತಾರೆ. ಒಂದು ಸಿಲಿಂಡರ್, ಎರಡು ಗೋಣಿಚೀಲ, ಒಂದು ಬಕೆಟ್ ನೀರು ಇಟ್ಟಿರಿ. ನಾವೊಮ್ಮೆ ಮಾಡಿ ತೋರಿಸುತ್ತೇವೆ, ಆಮೇಲೆ ನೀವೇ ಒಬ್ಬೊಬ್ಬರಾಗಿ ಆರಿಸಬೇಕು. ಮೊದಲ ಸಲ ಎಲ್ಲರ ಕೈಯೂ ನಡುಗುತ್ತದೆ, ಎರಡನೆಯ ಸಲಕ್ಕೆ ಸರಿಹೋಗುತ್ತದೆ.